ಟ್ರಾನ್ಸ್‌ಫರ್‌ಮಾರ್ಕ್ಟ್: ಬೆಲೆ ಆಮೇಲೆ ನೋಡಿ, ಮೊದಲು ಕೆಳಗಿನಿಂದ ಮೇಲಕ್ಕೆ ಓದಿ

ಬುಂಡೆಸ್‌ಲಿಗಾ, ಅಂದರೆ ಜರ್ಮನಿಯ ಮೊದಲ ಹಂತದ ಫುಟ್‌ಬಾಲ್ ಲೀಗಿನ ಪಂದ್ಯ ನೋಡುತ್ತಿರುತ್ತೀರಿ. 70ನೇ ನಿಮಿಷಕ್ಕೆ ನೀವು ಹೆಸರೇ ಕೇಳದ ಒಬ್ಬ ಆಟಗಾರ ಬದಲಿಯಾಗಿ ಇಳಿಯುತ್ತಾನೆ. ವಯಸ್ಸು 27ರ ಹತ್ತಿರ. ಇಷ್ಟು ದಿನ ಇವನು ಎಲ್ಲಿದ್ದ? ನನಗಂತೂ ಈ ಪ್ರಶ್ನೆ ತಲೆಗೆ ಹತ್ತಿದರೆ ಪಂದ್ಯದ ಮೇಲೆ ಗಮನ ಇರೋದಿಲ್ಲ. ಆಗ ಫೋನಿನಲ್ಲಿ ತೆಗೆಯುವುದು ಟ್ರಾನ್ಸ್‌ಫರ್‌ಮಾರ್ಕ್ಟ್ ಎಂಬ ತಾಣವನ್ನು, ಆಟಗಾರರು ಯಾವಾಗ ಯಾವ ಕ್ಲಬ್ಬಿನಲ್ಲಿದ್ದರು ಅಂತ ದಾಖಲಿಸಿಡುವ ಜಾಗ. ಹಲವು ವರ್ಷಗಳಿಂದ ಬಳಸುತ್ತಿದ್ದೇನೆ, ಅದರಲ್ಲೂ ಜರ್ಮನಿ ಮತ್ತು ಆಸ್ಟ್ರಿಯಾದ ಆಟಗಾರರ ಬದುಕು ಹೇಗೆ ಸಾಗಿತು ಅಂತ ನೋಡುವುದಕ್ಕೆ. ಹಾಗಾಗಿ ಈ ವಿಮರ್ಶೆ ಪೂರ್ತಿ ಆ ಒಂದು ಉಪಯೋಗದ ಬಗ್ಗೆಯೇ. ಸ್ಕೋರು, ಸುದ್ದಿ, ವದಂತಿ ಇವಕ್ಕೆಲ್ಲ ಬೇರೆ ತಾಣಗಳು ಬೇಕಾದಷ್ಟಿವೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 2000ದಲ್ಲಿ ಮಥಿಯಾಸ್ ಜೈಡೆಲ್ ಎಂಬವರು ಇದನ್ನು ಶುರು ಮಾಡಿದರು. ನೆಲೆ ಹ್ಯಾಂಬರ್ಗ್. 2008ರಲ್ಲಿ ಆಕ್ಸೆಲ್ ಶ್ಪ್ರಿಂಗರ್ ಎಂಬ ದೊಡ್ಡ ಮಾಧ್ಯಮ ಸಂಸ್ಥೆ ಇದರ ಹೆಚ್ಚಿನ ಪಾಲು ಕೊಂಡಿತು. ಬಳಸಲು ದುಡ್ಡು ಕೊಡಬೇಕಿಲ್ಲ, ಜಾಹೀರಾತಿನಿಂದ ನಡೆಯುತ್ತದೆ. ಇಂಗ್ಲಿಷ್ ಸೇರಿ ಹಲವು ಭಾಷೆಗಳಲ್ಲಿದೆ, ಆದರೆ ನಾನು ಜರ್ಮನ್ ಪುಟವನ್ನೇ ತೆಗೆಯುತ್ತೇನೆ. ನಾಲ್ಕು ಪದ ಗೊತ್ತಿದ್ದರೆ ಸಾಕು. ಲೈಹೆ ಅಂದರೆ ಲೋನ್, ಅಂದರೆ ಒಂದು ಕ್ಲಬ್ಬಿನ ಆಟಗಾರನನ್ನು ಇನ್ನೊಂದು ಕ್ಲಬ್ಬು ಎರವಲು ಪಡೆಯುವುದು. ಆಬ್ಲ್ಯೋಸೆಫ್ರೈ ಅಂದರೆ ಹಣವಿಲ್ಲದೆ ಬಂದದ್ದು. ಫೆರೈನ್ಸ್‌ಲೋಸ್ ಅಂದರೆ ಕೈಯಲ್ಲಿ ಕ್ಲಬ್ಬೇ ಇಲ್ಲ. ಕರಿಯೆರೆಎಂಡೆ ಅಂದರೆ ಆಟ ನಿಲ್ಲಿಸಿದ. ಈ ನಾಲ್ಕು ಪದಗಳಲ್ಲಿ ಒಬ್ಬ ಆಟಗಾರನ ಅರ್ಧ ಜೀವನ ಬಂದುಬಿಡುತ್ತದೆ.

ಪುಟ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಬೆಲೆ. ಇಷ್ಟು ಮಿಲಿಯನ್ ಯೂರೋ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಈ ತಾಣ ಹೆಸರು ಮಾಡಿದ್ದೂ ಅದರಿಂದಲೇ. ಪತ್ರಿಕೆಗಳು ಆ ಸಂಖ್ಯೆಯನ್ನೇ ಎತ್ತಿ ಹೇಳುತ್ತವೆ. ಆದರೆ ನನ್ನ ಮಾತು ಕೇಳುವುದಾದರೆ ಅದನ್ನು ಕೊನೆಗೆ ನೋಡಿ. ಸೀದಾ ಕೆಳಗೆ ಹೋಗಿ, ವರ್ಗಾವಣೆಗಳ ಪಟ್ಟಿ ಇರುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ಅದನ್ನು ಕೆಳಗಿನ ಸಾಲಿನಿಂದ ಓದುತ್ತಾ ಮೇಲಕ್ಕೆ ಬನ್ನಿ. ಯಾವ ಋತು, ಯಾವ ದಿನಾಂಕ, ಯಾವ ಕ್ಲಬ್ಬಿನಿಂದ ಯಾವ ಕ್ಲಬ್ಬಿಗೆ, ಎಷ್ಟು ಹಣಕ್ಕೆ. ಅಷ್ಟೇ ಇರುವುದು. ಆದರೂ ಓದುತ್ತಾ ಓದುತ್ತಾ ಮನುಷ್ಯ ಎದ್ದು ಬಂದು ಎದುರಿಗೆ ನಿಂತಂತೆ ಆಗುತ್ತದೆ.

ಮಿರೋಸ್ಲಾವ್ ಕ್ಲೋಸೆಯನ್ನೇ ತೆಗೆದುಕೊಳ್ಳಿ. ವಿಶ್ವಕಪ್‌ಗಳಲ್ಲಿ 16 ಗೋಲು ಹೊಡೆದವನು ಅಂತ ಎಲ್ಲರಿಗೂ ಗೊತ್ತು. ಅವನ ಪಟ್ಟಿಯ ತಳದಲ್ಲಿ ಮ್ಯೂನಿಕ್‌ನ ದೊಡ್ಡ ಕ್ಲಬ್ಬು ಬಯರ್ನ್ ಇಲ್ಲ, ಯಾವ ದೊಡ್ಡ ಅಕಾಡೆಮಿಯೂ ಇಲ್ಲ. ಬ್ಲೌಬಾಕ್-ಡೀಡೆಲ್‌ಕೋಪ್ಫ್ ಎಂಬ ಹಳ್ಳಿ ತಂಡ ಇದೆ. ಅಲ್ಲಿಂದ 1998ರಲ್ಲಿ ಹೋಂಬುರ್ಗ್, 1999ರಲ್ಲಿ ಕೈಸರ್ಸ್‌ಲೌಟರ್ನ್, ಅದೂ ಮೊದಲು ಅವರ ಎರಡನೇ ತಂಡಕ್ಕೆ. ಅವನು ಬಡಗಿ ಕೆಲಸ ಕಲಿತಿದ್ದವನು. ಫುಟ್‌ಬಾಲ್ ಕೈಹಿಡಿಯದಿದ್ದರೆ ಮನೆಗಳ ಮಾಡಿಗೆ ಮರ ಕೂರಿಸಿಕೊಂಡು ಇರುತ್ತಿದ್ದನೋ ಏನೋ. 20 ದಾಟಿದ ಮೇಲೆ ಬುಂಡೆಸ್‌ಲಿಗಾಕ್ಕೆ ಹತ್ತಿದ, 2002ರ ವಿಶ್ವಕಪ್‌ನಲ್ಲಿ 5 ಗೋಲು ಹೊಡೆದ, ಐದೂ ತಲೆಯಿಂದ. ಆ ಸಾಲುಗಳ ನಡುವಿನ ವರ್ಷಗಳನ್ನು ನೋಡಿದರೆ ಆ ಏರಿಕೆಯ ವೇಗ ಎಷ್ಟು ಅಂತ ಮೈ ಜುಮ್ಮೆನ್ನುತ್ತದೆ.

ಲೋನ್ ಸಾಲುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಹೊಸಬರು ಅದನ್ನು ತಪ್ಪಾಗಿ ಓದುತ್ತಾರೆ. ಲೋನ್ ಮೇಲೆ ಕಳಿಸಿದರು ಅಂದರೆ ಬೇಡವಾಗಿದ್ದಾನೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಫಿಲಿಪ್ ಲಾಮ್ 2003ರಿಂದ 2005ರವರೆಗೆ ಸ್ಟಟ್‌ಗಾರ್ಟ್‌ನಲ್ಲಿ ಲೋನ್ ಮೇಲೆ ಇದ್ದ, ಜರ್ಮನಿ ತಂಡಕ್ಕೆ ಮೊದಲ ಸಲ ಆಡಿದ್ದು ಕೂಡ ಆ ಸಮಯದಲ್ಲೇ. ಟೋನಿ ಕ್ರೂಸ್ 2009ರ ಆರಂಭದಿಂದ ಒಂದೂವರೆ ವರ್ಷ ಲೆವರ್ಕುಸೆನ್‌ನಲ್ಲಿ ಇದ್ದ. ವಿಯೆನ್ನಾದ ಹುಡುಗ ಡೇವಿಡ್ ಅಲಾಬಾ 2011ರ ಜನವರಿಯಲ್ಲಿ ಬಯರ್ನ್‌ನಿಂದ ಹೋಫೆನ್‌ಹೈಮ್‌ಗೆ ಲೋನ್ ಮೇಲೆ ಹೋಗಿ ಅರ್ಧ ಋತು ಆಡಿ ಬಂದ. ಮೂವರೂ ವಾಪಸ್ ಬಂದು ಬಯರ್ನ್ ಜೊತೆ 2013ರಲ್ಲಿ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಗೆದ್ದರು, ಕ್ರೂಸ್ ಮಾತ್ರ ಗಾಯದಿಂದ ಫೈನಲ್ ಆಡಲಿಲ್ಲ. ಹೀಗಾಗಿ ಲೋನ್ ಸಾಲು ಕಂಡರೆ ಅವಸರ ಬೇಡ. ಅದರ ಮೇಲಿನ ಸಾಲು ಏನು ಹೇಳುತ್ತದೆ ನೋಡಿ. ವಾಪಸ್ ಬಂದು ಅಲ್ಲೇ ಉಳಿದನಾ, ಅಥವಾ ಜೂನ್ 30ಕ್ಕೆ ಲೋನ್ ಮುಗಿದು ಜುಲೈ 1ಕ್ಕೆ ಇನ್ನೊಂದು ಊರಿಗೆ ಮತ್ತೆ ಲೋನ್ ಹೋದನಾ. ಅಲ್ಲಿನ ಋತು ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಅದಕ್ಕೇ ಪಟ್ಟಿ ತುಂಬ ಈ ಎರಡು ದಿನಾಂಕಗಳೇ ಕಾಣುತ್ತವೆ.

ಹೀಗೆ ಲೋನ್ ಮೇಲೆ ಲೋನ್ ಹೋಗುವವರು ಅಂದರೆ ನನಗೆ ಮೊದಲು ನೆನಪಾಗುವುದು ಆಸ್ಟ್ರಿಯಾದ ಮಿಖಾಯೆಲ್ ಗ್ರೆಗೋರಿಚ್. ಕಾಪ್ಫೆನ್‌ಬರ್ಗ್ ಎಂಬ ಸಣ್ಣ ಕ್ಲಬ್ಬು, ಕೋಚ್ ಅವನ ಅಪ್ಪ ವೆರ್ನರ್. 2010ರಲ್ಲಿ, 16 ತುಂಬುವ ಮೊದಲೇ, ಆಸ್ಟ್ರಿಯಾ ಬುಂಡೆಸ್‌ಲಿಗಾದಲ್ಲಿ ಗೋಲು ಹೊಡೆದ. ಇಂಥ ಹುಡುಗನನ್ನು ಜರ್ಮನಿಯವರು ಬಿಡುತ್ತಾರಾ? ಹೋಫೆನ್‌ಹೈಮ್ ಕೊಂಡಿತು. ಆಮೇಲೆ ಶುರುವಾಯಿತು ಅಲೆದಾಟ. ವಾಪಸ್ ಕಾಪ್ಫೆನ್‌ಬರ್ಗ್‌ಗೆ ಲೋನ್, ಹೋಫೆನ್‌ಹೈಮ್ ಎರಡನೇ ತಂಡ, ಸೇಂಟ್ ಪೌಲಿ, ಬೋಖುಮ್, 2015ರಲ್ಲಿ ಹ್ಯಾಂಬರ್ಗ್, 2017ರಲ್ಲಿ ಆಗ್ಸ್‌ಬರ್ಗ್, 2020ರಲ್ಲಿ ಅಲ್ಲಿಂದ ಶಾಲ್ಕೆಗೆ ಲೋನ್, 2022ರಲ್ಲಿ ಫ್ರೈಬುರ್ಗ್. ಪಟ್ಟಿಯನ್ನು ಬೆರಳಿನಲ್ಲಿ ಮೇಲೆ ಎಳೆಯುತ್ತಾ ಹೋದರೆ ಜರ್ಮನಿಯ ಉತ್ತರ ದಕ್ಷಿಣ ಪೂರ್ತಿ ಸುತ್ತಿದಂತೆ. ಹೊಸ ಊರು, ಹೊಸ ಕೋಚ್, ಮತ್ತೆ ಮೊದಲಿನಿಂದ ತನ್ನನ್ನು ತೋರಿಸಿಕೊಳ್ಳಬೇಕು. ಆದರೂ ಅವನು ಕೈಚೆಲ್ಲಲಿಲ್ಲ. 2021ರಲ್ಲಿ ನಡೆದ ಯೂರೋ ಕಪ್‌ನಲ್ಲಿ ಉತ್ತರ ಮ್ಯಾಸಿಡೋನಿಯಾ ವಿರುದ್ಧ ಬದಲಿಯಾಗಿ ಇಳಿದು ಗೋಲು ಹೊಡೆದಾಗ ನನಗೆ ಆ ಸಾಲುಗಳೆಲ್ಲ ಒಟ್ಟಿಗೆ ನೆನಪಾದವು. ಪಟ್ಟಿ ಓದದೆ ಆ ಗೋಲು ನೋಡಿದ್ದರೆ ಅದು ಬರೀ ಗೋಲು ಆಗಿರುತ್ತಿತ್ತು.

ಕೆಲವೊಮ್ಮೆ ಎರಡು ಸಾಲಿನಲ್ಲಿ ಒಂದು ಜಗಳವೇ ಅಡಗಿರುತ್ತದೆ. ಮಾರ್ಸೆಲ್ ಸಾಬಿಟ್ಸರ್ ಪುಟದಲ್ಲಿ 2014ರ ಬೇಸಿಗೆ ನೋಡಿ. ರಾಪಿಡ್ ವಿಯೆನ್ನಾದಿಂದ ಆರ್‌ಬಿ ಲೈಪ್‌ಜಿಗ್‌ಗೆ. ಅದರ ಬೆನ್ನಿಗೇ ಲೈಪ್‌ಜಿಗ್‌ನಿಂದ ರೆಡ್ ಬುಲ್ ಸಾಲ್ಜ್‌ಬರ್ಗ್‌ಗೆ ಲೋನ್. ಗೊತ್ತಿಲ್ಲದವರಿಗೆ ಇದೇನು ವಿಚಿತ್ರ ಅನ್ನಿಸುತ್ತದೆ. ವಿಷಯ ಏನೆಂದರೆ, ರಾಪಿಡ್ ಜೊತೆಗಿನ ಒಪ್ಪಂದದಲ್ಲಿ ನಿಗದಿತ ಹಣಕ್ಕೆ ಅವನು ಹೋಗಬಹುದಾಗಿದ್ದದ್ದು ವಿದೇಶಿ ಕ್ಲಬ್ಬಿಗೆ ಮಾತ್ರ. ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲೇ ಇದೆ, ಲೈಪ್‌ಜಿಗ್ ಜರ್ಮನಿಯಲ್ಲಿದೆ, ಎರಡಕ್ಕೂ ಹಿಂದೆ ಇರುವುದು ಒಂದೇ ಕಂಪನಿ, ರೆಡ್ ಬುಲ್ ಎಂಬ ಪಾನೀಯ ಕಂಪನಿ. ಲೈಪ್‌ಜಿಗ್ ಕೊಂಡು ಸಾಲ್ಜ್‌ಬರ್ಗ್‌ಗೆ ಕೊಟ್ಟಿತು. ರಾಪಿಡ್ ಅಭಿಮಾನಿಗಳಿಗೆ ಎಷ್ಟು ಸಿಟ್ಟು ಬಂದಿರಬೇಕು ಯೋಚಿಸಿ. ಅವರ ಜಾಗದಲ್ಲಿ ನಾನಿದ್ದರೂ ಬರುತ್ತಿತ್ತು. ಆ ಹುಡುಗ ಆಮೇಲೆ ಲೈಪ್‌ಜಿಗ್ ನಾಯಕನಾದ, 2021ರಲ್ಲಿ ಬಯರ್ನ್‌ಗೆ ಹೋದ, 2023ರಲ್ಲಿ ಅರ್ಧ ಋತು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಲೋನ್ ಮೇಲೆ ಆಡಿ ಡಾರ್ಟ್‌ಮಂಡ್ ಸೇರಿದ, 2024ರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ.

ಈ ಸಾಲ್ಜ್‌ಬರ್ಗ್-ಲೈಪ್‌ಜಿಗ್ ದಾರಿ ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲೆಲ್ಲೂ ಕಾಣುತ್ತದೆ. 2005ರಲ್ಲಿ ರೆಡ್ ಬುಲ್ ಸಾಲ್ಜ್‌ಬರ್ಗ್ ಕ್ಲಬ್ಬನ್ನು ವಹಿಸಿಕೊಂಡಿತು. 2009ರಲ್ಲಿ ಲೈಪ್‌ಜಿಗ್ ಕ್ಲಬ್ಬು ಜರ್ಮನಿಯ ಲೀಗುಗಳ ಐದನೇ ಹಂತದಿಂದ ಶುರುವಾಗಿ 2016ರಲ್ಲಿ ಬುಂಡೆಸ್‌ಲಿಗಾ ಮುಟ್ಟಿತು. ನಡುವೆ ಲೀಫರಿಂಗ್ ಅಂತ ಒಂದು ಹೆಸರು ಬರುತ್ತದೆ, ಆಸ್ಟ್ರಿಯಾದ ಎರಡನೇ ಹಂತದಲ್ಲಿ ಆಡುವ ತಂಡ, ಸಾಲ್ಜ್‌ಬರ್ಗ್‌ಗೆ ಹುಡುಗರನ್ನು ತಯಾರು ಮಾಡಿಕೊಡುವುದೇ ಅದರ ಕೆಲಸ. ದಾಯೊ ಉಪಮೆಕಾನೊ ಪಟ್ಟಿಯಲ್ಲಿ ಲೀಫರಿಂಗ್, ಸಾಲ್ಜ್‌ಬರ್ಗ್, ಲೈಪ್‌ಜಿಗ್, ಬಯರ್ನ್ ಅಂತ ಮೆಟ್ಟಿಲು ಇಟ್ಟ ಹಾಗಿದೆ. ಡೊಮಿನಿಕ್ ಸೊಬೊಸ್ಲಾಯ್ ಕೂಡ ಲೀಫರಿಂಗ್, ಸಾಲ್ಜ್‌ಬರ್ಗ್, ಲೈಪ್‌ಜಿಗ್, ಆಮೇಲೆ ಲಿವರ್‌ಪೂಲ್. ಕೊನ್ರಾಡ್ ಲೈಮರ್ ಸಾಲ್ಜ್‌ಬರ್ಗ್‌ನಿಂದ 2017ರಲ್ಲಿ ಲೈಪ್‌ಜಿಗ್, 2023ರಲ್ಲಿ ಬಯರ್ನ್. ಒಬ್ಬೊಬ್ಬರ ಪುಟ ಬೇರೆ ಬೇರೆ ತೆರೆದು ನೋಡುವಾಗ ಕಾಕತಾಳೀಯ ಅನ್ನಿಸಬಹುದು, ನಾಲ್ಕು ಪುಟ ಒಟ್ಟಿಗೆ ಇಟ್ಟು ನೋಡಿದರೆ ಹಾಕಿಟ್ಟ ರಸ್ತೆ ಅಂತ ಗೊತ್ತಾಗುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲಿನವರು ಇನ್ನೂ ಜಗಳ ಆಡುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಹುಡುಗರಿಗೆ ಒಳ್ಳೆಯದಾಗಿದೆ, ಆಸ್ಟ್ರಿಯಾದ ಉಳಿದ ಕ್ಲಬ್ಬುಗಳಿಗೆ ಕಷ್ಟವಾಗಿದೆ. 2014ರಿಂದ 2023ರವರೆಗೆ ಸತತ ಹತ್ತು ಸಲ ಸಾಲ್ಜ್‌ಬರ್ಗ್ ಒಂದೇ ಚಾಂಪಿಯನ್ ಆಯಿತು ಅಂದರೆ ಸುಮ್ನೆ ಮಾತಲ್ಲ. 2024ರಲ್ಲಿ ಸ್ಟುರ್ಮ್ ಗ್ರಾಜ್ ಅದನ್ನು ಮುರಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಈಗ ಬೆಲೆಯ ವಿಷಯ. ಆ ಸಂಖ್ಯೆಗೆ ಯಾವ ಸೂತ್ರವೂ ಇಲ್ಲ. ಬಳಕೆದಾರರು ಚರ್ಚೆ ಮಾಡುತ್ತಾರೆ, ವಯಸ್ಸು, ಆಟ, ಒಪ್ಪಂದ ಎಷ್ಟು ವರ್ಷ ಬಾಕಿ, ಬೇಡಿಕೆ ಎಷ್ಟು ಅಂತೆಲ್ಲ ನೋಡುತ್ತಾರೆ, ಕೊನೆಗೆ ಅದರ ಹೊಣೆ ಹೊತ್ತವರು ಒಂದು ಅಂಕಿ ನಿಗದಿ ಮಾಡುತ್ತಾರೆ. ಅಂದರೆ ತಿಳಿದವರ ಅಂದಾಜು. ಅಂದಾಜಾಗಿ ಚೆನ್ನಾಗಿಯೇ ಇದೆ. ಅದನ್ನು ಮಾರಾಟದ ಬೆಲೆ ಅಂತ ತಿಳಿದುಕೊಂಡರೆ ಮಾತ್ರ ತೊಂದರೆ. ಎರ್ಲಿಂಗ್ ಹಾಲಂಡ್ ಪುಟಕ್ಕೆ ಹೋಗಿ. 2020ರ ಜನವರಿಯಲ್ಲಿ ಸಾಲ್ಜ್‌ಬರ್ಗ್‌ನಿಂದ ಡಾರ್ಟ್‌ಮಂಡ್‌ಗೆ ಸುಮಾರು 20 ಮಿಲಿಯನ್ ಯೂರೋಗೆ ಬಂದ. ಆಗ್ಸ್‌ಬರ್ಗ್ ವಿರುದ್ಧ ಬದಲಿಯಾಗಿ ಇಳಿದು ಮೊದಲ ಪಂದ್ಯದಲ್ಲೇ ಮೂರು ಗೋಲು. 2022ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋಗುವಾಗ ಈ ತಾಣ ಅವನಿಗೆ ಹಾಕಿದ್ದ ಬೆಲೆ 150 ಮಿಲಿಯನ್. ಸಿಟಿ ಕೊಟ್ಟದ್ದು ಸುಮಾರು 60 ಮಿಲಿಯನ್. ಯಾಕೆ ಅಷ್ಟು ಕಡಿಮೆ? ಒಪ್ಪಂದದಲ್ಲಿ ಅಷ್ಟು ಹಣ ಕೊಟ್ಟರೆ ಬಿಡಲೇಬೇಕು ಅಂತ ಬರೆದಿತ್ತು, ಅಷ್ಟೇ.

ಹಣದ ಕಾಲಂನಲ್ಲಿ ಸೊನ್ನೆ ಕಂಡರೂ ಹೀಗೇ ಎಚ್ಚರ ಬೇಕು. ಸೊನ್ನೆ ಅಂದರೆ ಯಾರಿಗೂ ಬೇಡದವನು ಅಂತ ಅಲ್ಲ. 1995ರ ಡಿಸೆಂಬರ್ 15ಕ್ಕೆ ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಝಾನ್-ಮಾರ್ಕ್ ಬೋಸ್ಮನ್ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಹೊಸ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ಬು ಹಣ ಕೇಳುವಂತಿಲ್ಲ ಅಂತ. ಅಲ್ಲಿಂದ ಆಟವೇ ಬದಲಾಯಿತು. 2014ರಲ್ಲಿ ರಾಬರ್ಟ್ ಲೆವಾಂಡೋವ್ಸ್ಕಿ ಡಾರ್ಟ್‌ಮಂಡ್‌ನಿಂದ ಬಯರ್ನ್‌ಗೆ ಬಂದದ್ದು ಹಣವಿಲ್ಲದೆ. ಅದೇ ಲೆವಾಂಡೋವ್ಸ್ಕಿ 2020-21ರಲ್ಲಿ 41 ಗೋಲು ಹೊಡೆದು ಗೆರ್ಡ್ ಮುಲ್ಲರ್ 1971-72ರಲ್ಲಿ ಬರೆದ 40 ಗೋಲುಗಳ ದಾಖಲೆ ದಾಟಿದ. 2018ರಲ್ಲಿ ಲಿಯೋನ್ ಗೊರೆಟ್ಸ್ಕಾ ಶಾಲ್ಕೆಯಿಂದ ಬಯರ್ನ್‌ಗೆ ಬಂದದ್ದೂ ಹಾಗೇ. 2021ರಲ್ಲಿ ಅಲಾಬಾ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಬಯರ್ನ್ ಕೈಗೆ ಏನೂ ಬರಲಿಲ್ಲ. ಹತ್ತು ಬುಂಡೆಸ್‌ಲಿಗಾ ಗೆದ್ದ ಆಟಗಾರ, ಎದುರಿಗೆ ಒಂದು ಸೊನ್ನೆ. ಆ ಸೊನ್ನೆ ಕಂಡರೆ ಆ ಸಲ ಮಾತುಕತೆಯಲ್ಲಿ ಯಾರ ಕೈ ಮೇಲಾಗಿತ್ತು ಅಂತ ಗೊತ್ತಾಗುತ್ತದೆ.

ಇನ್ನು ಹಳೆಯ ಕಾಲದವರು. ತಾಣ ಶುರುವಾಗಿದ್ದೇ 2000ದಲ್ಲಿ, ಹಾಗಾಗಿ ಅದಕ್ಕಿಂತ ಮೊದಲು ಆಡಿ ಮುಗಿಸಿದವರಿಗೆ ಬೆಲೆಯ ಗೆರೆ, ಅಂದರೆ ಬೆಲೆ ಏರಿ ಇಳಿದದ್ದನ್ನು ತೋರಿಸುವ ಗೆರೆ, ಇರುವುದಿಲ್ಲ. ಕ್ಲಬ್ಬು ಮತ್ತು ಪಂದ್ಯಗಳ ಲೆಕ್ಕ ಇರುತ್ತದೆ, ನನಗೆ ಅಷ್ಟೇ ಬೇಕಾದದ್ದು. ಕಾರ್ಲ್-ಹೈಂಜ್ ಕ್ಯೊರ್ಬೆಲ್ 1972ರಿಂದ 1991ರವರೆಗೆ ಬುಂಡೆಸ್‌ಲಿಗಾದಲ್ಲಿ 602 ಪಂದ್ಯ ಆಡಿದ, ಎಲ್ಲವೂ ಐಂಟ್ರಾಕ್ಟ್ ಫ್ರಾಂಕ್‌ಫರ್ಟ್‌ಗೆ. ಆ ದಾಖಲೆ ಈಗಲೂ ನಿಂತಿದೆ. ಅವನ ಜೊತೆ ಅದೇ ಕ್ಲಬ್ಬಿನಲ್ಲಿ ಆಸ್ಟ್ರಿಯಾದ ಬ್ರೂನೊ ಪೆತ್ಸಾಯ್ ಇದ್ದ, 1980ರಲ್ಲಿ ಇಬ್ಬರೂ ಯುಇಎಫ್‌ಎ ಕಪ್ ಎಂಬ ಯುರೋಪಿನ ಕ್ಲಬ್ಬುಗಳ ಕಪ್ ಗೆದ್ದರು, ಆಮೇಲೆ ಪೆತ್ಸಾಯ್ ವೆರ್ಡರ್ ಬ್ರೆಮೆನ್‌ಗೆ ಹೋದ. ಆಂಡ್ರಿಯಾಸ್ ಹೆರ್ಜೋಗ್ ರಾಪಿಡ್‌ನಿಂದ 1992ರಲ್ಲಿ ಬ್ರೆಮೆನ್‌ಗೆ ಬಂದು ಮರು ವರ್ಷವೇ ಚಾಂಪಿಯನ್ ಆದ, 1995ರಲ್ಲಿ ಬಯರ್ನ್‌ಗೆ ಹೋದ, ಒಂದೇ ವರ್ಷಕ್ಕೆ ಮತ್ತೆ ಬ್ರೆಮೆನ್‌ಗೆ ಬಂದ. ಆ ಹೋಗಿ ಬಂದ ಎರಡು ಸಾಲು ನೋಡಿದರೆ ಸಾಕು, ಮನಸ್ಸು ಯಾವ ಊರಲ್ಲಿತ್ತು ಅಂತ ತಿಳಿಯುತ್ತದೆ. ಆಸ್ಟ್ರಿಯಾದವರಿಗೆ ಜರ್ಮನಿ ಇವತ್ತು ನಿನ್ನೆ ಹಿಡಿದ ದಾರಿಯಲ್ಲ.

ತಾಣದಲ್ಲಿ ಕೋಚ್‌ಗಳಿಗೂ ಪುಟ ಇದೆ. ಎರ್ನ್ಸ್ಟ್ ಹಾಪೆಲ್ ಹ್ಯಾಂಬರ್ಗ್ ಜೊತೆ 1983ರಲ್ಲಿ ಯುರೋಪಿಯನ್ ಕಪ್ ಗೆದ್ದವರು, ಊರು ವಿಯೆನ್ನಾ, ಗೆದ್ದದ್ದು ಹೊರದೇಶದ ತಂಡದ ಜೊತೆ. ಫ್ರಾಂಕ್ ಶ್ಮಿಟ್ ಪುಟ ಇದಕ್ಕೆ ತೀರಾ ವಿರುದ್ಧ. ಹೈಡನ್‌ಹೈಮ್‌ನಲ್ಲೇ ಹುಟ್ಟಿ, 2007ರಿಂದ ಹೈಡನ್‌ಹೈಮ್ ತಂಡವನ್ನೇ ನಡೆಸಿಕೊಂಡು ಬಂದವರು.

ಹೈಡನ್‌ಹೈಮ್ ಅಂದಕೂಡಲೇ ಟಿಮ್ ಕ್ಲೈನ್‌ಡೀನ್‌ಸ್ಟ್ ನೆನಪಾಗಲೇಬೇಕು. ಅವನ ಪಟ್ಟಿ ನನಗೆ ಬಾಯಿಪಾಠ. ಕಾಟ್‌ಬುಸ್, ಫ್ರೈಬುರ್ಗ್, ಲೋನ್ ಮೇಲೆ ಹೈಡನ್‌ಹೈಮ್, ವಾಪಸ್ ಫ್ರೈಬುರ್ಗ್, ಮತ್ತೆ ಹೈಡನ್‌ಹೈಮ್, ಬೆಲ್ಜಿಯಂನ ಗೆಂಟ್, ಮತ್ತೆ ಹೈಡನ್‌ಹೈಮ್. ಹೊರಗೆ ಹೋದಾಗಲೆಲ್ಲ ಕಾಲು ಅದೇ ಊರಿಗೆ ತಿರುಗಿದೆ. 2023ರ ಮೇ 28, ಎರಡನೇ ಬುಂಡೆಸ್‌ಲಿಗಾದ, ಅಂದರೆ ಜರ್ಮನಿಯ ಎರಡನೇ ಹಂತದ ಲೀಗಿನ, ಕೊನೆಯ ದಿನ. ಹೈಡನ್‌ಹೈಮ್ ರೇಗೆನ್ಸ್‌ಬುರ್ಗ್‌ನಲ್ಲಿ 2-0 ಹಿಂದೆ ಬಿದ್ದಿತ್ತು. ಹ್ಯಾಂಬರ್ಗ್ ತನ್ನ ಪಂದ್ಯ ಗೆದ್ದು ಮುಗಿಸಿತ್ತು, ಅವರ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಕುಣಿಯುತ್ತಿದ್ದರು, ಐದು ವರ್ಷದ ಮೇಲೆ ಬುಂಡೆಸ್‌ಲಿಗಾಕ್ಕೆ ವಾಪಸ್ ಅಂತ. ಇತ್ತ 93ನೇ ನಿಮಿಷಕ್ಕೆ ಯಾನ್-ನಿಕ್ಲಾಸ್ ಬೆಸ್ಟೆ ಪೆನಾಲ್ಟಿಯಲ್ಲಿ 2-2 ಮಾಡಿದ. 99ನೇ ನಿಮಿಷಕ್ಕೆ ಕ್ಲೈನ್‌ಡೀನ್‌ಸ್ಟ್ 3-2 ಮಾಡಿದ. ಹೈಡನ್‌ಹೈಮ್ ಮೇಲಕ್ಕೆ ಹೋಯಿತು. ಹ್ಯಾಂಬರ್ಗ್‌ನವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅವರು ಇನ್ನೂ ಎರಡು ವರ್ಷ ಕಾಯಬೇಕಾಯಿತು. ಆ ರಾತ್ರಿ ನಾನು ಅವನ ಪುಟ ತೆಗೆದು ಕೆಳಗಿನಿಂದ ಮೇಲಕ್ಕೆ ಎಷ್ಟು ಸಲ ಓದಿದೆನೋ. ಮುಂದಿನ ಋತುವಿನಲ್ಲಿ ಅವನು ಬುಂಡೆಸ್‌ಲಿಗಾದಲ್ಲಿ 12 ಗೋಲು ಹೊಡೆದ, ಕ್ಲಬ್ಬು ಎಂಟನೇ ಸ್ಥಾನಕ್ಕೆ ಬಂತು. 2024ರಲ್ಲಿ ಗ್ಲಾಡ್‌ಬಾಕ್ ಸೇರಿದ, ಅದೇ ಅಕ್ಟೋಬರ್‌ನಲ್ಲಿ 29ನೇ ವಯಸ್ಸಿಗೆ ಜರ್ಮನಿ ಜೆರ್ಸಿ ತೊಟ್ಟ.

ಇಂಥವರನ್ನು ಹುಡುಕಲು ಈ ತಾಣಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಡೆನಿಸ್ ಉಂಡಾವ್ ಬ್ರೆಮೆನ್‌ನ ಕಿರಿಯರ ತಂಡ ಕೈಬಿಟ್ಟ ಹುಡುಗ. ಹಾವೆಲ್ಸೆ, ಬ್ರೌನ್‌ಶ್ವೈಗ್ ಎರಡನೇ ತಂಡ, ಮೂರನೇ ಹಂತದ ಮೆಪ್ಪೆನ್, 2020ರಲ್ಲಿ ಬೆಲ್ಜಿಯಂನ ಎರಡನೇ ಹಂತದಲ್ಲಿದ್ದ ಯೂನಿಯನ್ ಸೇಂಟ್-ಗಿಲ್ವಾಸ್. ಅಲ್ಲಿಂದ ಬ್ರೈಟನ್, ಬ್ರೈಟನ್‌ನಿಂದ ಲೋನ್ ಮೇಲೆ ಸ್ಟಟ್‌ಗಾರ್ಟ್, 2023-24ರಲ್ಲಿ 18 ಗೋಲು, ಕ್ಲಬ್ಬು ಎರಡನೇ ಸ್ಥಾನ. ನಿಕ್ಲಾಸ್ ಫ್ಯುಲ್‌ಕ್ರುಗ್ ಕೂಡ ಫ್ಯುರ್ಟ್, ನ್ಯೂರೆಂಬರ್ಗ್, ಹ್ಯಾನೋವರ್ ಅಂತ ಸುತ್ತಿ, ಮೊಣಕಾಲಿನ ಗಾಯಗಳನ್ನು ದಾಟಿ, 29ನೇ ವಯಸ್ಸಿಗೆ ಜರ್ಮನಿಗೆ ಆಡಿದವನು. ಇವರ ಪುಟಗಳಲ್ಲಿ ಮೂರನೇ ಹಂತ, ನಾಲ್ಕನೇ ಹಂತದ ಪಂದ್ಯಗಳೂ ಲೆಕ್ಕಕ್ಕೆ ಸಿಗುತ್ತವೆ. ಆ ಹಂತದಿಂದ ಮೇಲೆ ಬರುವುದು ಎಷ್ಟು ಕಷ್ಟ ಅಂದರೆ, ನಾಲ್ಕನೇ ಹಂತವಾದ ರೇಗಿಯೋನಾಲ್‌ಲಿಗಾದಲ್ಲಿ ಐದು ಗುಂಪುಗಳಿವೆ, ಮೇಲಕ್ಕೆ ಇರುವ ಜಾಗ ನಾಲ್ಕೇ. ಗುಂಪಿನಲ್ಲಿ ಚಾಂಪಿಯನ್ ಆದರೂ ಅಲ್ಲೇ ಉಳಿಯಬೇಕಾಗಬಹುದು. ಇದು ಗೊತ್ತಿದ್ದರೆ ಆ ಸಾಲುಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಸಿಮೊನ್ ಟೆರೊಡ್ಡೆ ಇನ್ನೊಂದು ಬಗೆ. ಎರಡನೇ ಬುಂಡೆಸ್‌ಲಿಗಾದ ರಾಜ ಅಂತಲೇ ನಾನು ಕರೆಯುತ್ತೇನೆ. ಬೋಖುಮ್‌ನಲ್ಲಿ 25, ಸ್ಟಟ್‌ಗಾರ್ಟ್‌ನಲ್ಲಿ 25, ಕಲೋನ್‌ನಲ್ಲಿ 29, ಶಾಲ್ಕೆಯಲ್ಲಿ 30, ಹೀಗೆ ನಾಲ್ಕು ಬೇರೆ ಬೇರೆ ಕ್ಲಬ್ಬುಗಳಲ್ಲಿ ಆ ಲೀಗಿನ ಅತಿ ಹೆಚ್ಚು ಗೋಲು. 2021ರಲ್ಲಿ ಡೀಟರ್ ಶಾಟ್ಸ್‌ಶ್ನೈಡರ್ ಹೆಸರಲ್ಲಿದ್ದ 153 ಗೋಲುಗಳ ದಾಖಲೆ ಮುರಿದ. ಸ್ಟಟ್‌ಗಾರ್ಟ್, ಕಲೋನ್, ಶಾಲ್ಕೆ ಮೂರನ್ನೂ ಮೇಲಕ್ಕೆ ಎತ್ತಿದ. ಮೇಲಿನ ಲೀಗಿನಲ್ಲಿ ಮಾತ್ರ ಆ ಗೋಲುಗಳು ಅವನಿಗೆ ಬರಲಿಲ್ಲ. ಬೆಲೆಯ ಗೆರೆ ನೋಡಿದರೆ ಇವನು ದೊಡ್ಡ ಆಟಗಾರನೇ ಅಲ್ಲ. ಆದರೆ ಆ ಮೂರು ಊರುಗಳಲ್ಲಿ ಕೇಳಿ ನೋಡಿ.

ಗಾಯಗಳ ಪಟ್ಟಿ ಬೇರೆ ಇದೆ. ಯಾವ ಗಾಯ, ಯಾವತ್ತಿನಿಂದ ಯಾವತ್ತಿನವರೆಗೆ, ಎಷ್ಟು ದಿನ, ಎಷ್ಟು ಪಂದ್ಯ ತಪ್ಪಿತು. ಮಾರ್ಕೊ ರಾಯ್ಸ್‌ನ ಆ ಪಟ್ಟಿ ನೋಡುವಾಗ ಕರುಳು ಚುರಕ್ ಅನ್ನುತ್ತದೆ. ಡಾರ್ಟ್‌ಮಂಡ್‌ನ ಹುಡುಗ, ಕಿರಿಯರ ತಂಡದಲ್ಲಿ ಜಾಗ ಸಿಗದೆ ಆಲೆನ್‌ಗೆ ಹೋದ, 2009ರಲ್ಲಿ ಗ್ಲಾಡ್‌ಬಾಕ್, 2012ರಲ್ಲಿ 17.1 ಮಿಲಿಯನ್‌ಗೆ ಮತ್ತೆ ತನ್ನ ಡಾರ್ಟ್‌ಮಂಡ್‌ಗೆ. 2014ರ ವಿಶ್ವಕಪ್‌ಗೆ ಹೊರಡುವ ಮುಂಚಿನ ಪಂದ್ಯದಲ್ಲಿ, ಅರ್ಮೇನಿಯಾ ವಿರುದ್ಧ, ಕಾಲಿನ ಗಿಣ್ಣಿಗೆ ಪೆಟ್ಟು. ಜರ್ಮನಿ ಆ ಕಪ್ ಗೆದ್ದಿತು. 2016ರ ಯೂರೋ ಕಪ್ ಕೂಡ ಗಾಯದಿಂದಲೇ ತಪ್ಪಿತು. 2017ರಲ್ಲಿ ಜರ್ಮನ್ ಕಪ್ ಗೆದ್ದ ಫೈನಲ್‌ನಲ್ಲೇ ಮತ್ತೆ ಮೊಣಕಾಲು. ಹನ್ನೆರಡು ವರ್ಷ ಆ ಕ್ಲಬ್ಬಿನಲ್ಲಿದ್ದು ಒಂದೇ ಒಂದು ಬುಂಡೆಸ್‌ಲಿಗಾ ಗೆಲ್ಲಲಿಲ್ಲ, 2013 ಮತ್ತು 2024, ಎರಡು ಚಾಂಪಿಯನ್ಸ್ ಲೀಗ್ ಫೈನಲ್ ಆಡಿ ಎರಡನ್ನೂ ವೆಂಬ್ಲಿಯಲ್ಲೇ ಸೋತ. ಗೆದ್ದ ಕಪ್‌ಗಳ ಪಟ್ಟಿ ಪಕ್ಕದಲ್ಲಿ ಗಾಯಗಳ ಪಟ್ಟಿ ಇಟ್ಟು ಓದಿದರೆ ಆ ಮನುಷ್ಯನ ಮೇಲೆ ಗೌರವ ಇನ್ನೂ ಜಾಸ್ತಿಯಾಗುತ್ತದೆ.

ಆದರೆ ಈ ಭಾಗದಲ್ಲೇ ತಾಣದ ಮಿತಿಯೂ ಗೊತ್ತಾಗುವುದು. ಸೆಬಾಸ್ಟಿಯನ್ ಹಾಲೆರ್ 2022ರಲ್ಲಿ ಡಾರ್ಟ್‌ಮಂಡ್ ಸೇರಿದ ಕೆಲವೇ ದಿನಕ್ಕೆ ಅವನಿಗೆ ಕ್ಯಾನ್ಸರ್ ಅಂತ ತಿಳಿಯಿತು. ಪಟ್ಟಿಯಲ್ಲಿ ಅದೂ ಒಂದು ಸಾಲು, ಸ್ನಾಯು ನೋವಿನ ಸಾಲಿನ ಹಾಗೇ, ಅದೇ ಅಳತೆಯಲ್ಲಿ. ಅವನು 2023ರ ಜನವರಿಯಲ್ಲಿ ವಾಪಸ್ ಬಂದ, ಫೆಬ್ರವರಿ 4ಕ್ಕೆ ಫ್ರೈಬುರ್ಗ್ ವಿರುದ್ಧ ಮೊದಲ ಗೋಲು ಹೊಡೆದ. ಅವತ್ತು ವಿಶ್ವ ಕ್ಯಾನ್ಸರ್ ದಿನ. ಇದು ಯಾವ ಕಾಲಂನಲ್ಲೂ ಇಲ್ಲ. ಇರುವುದಕ್ಕೂ ಆಗುವುದಿಲ್ಲ ಬಿಡಿ. ಪಟ್ಟಿ ಯಾವಾಗ, ಎಲ್ಲಿ, ಎಷ್ಟಕ್ಕೆ ಅಂತ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಅದನ್ನು ನೀವೇ ಹುಡುಕಿಕೊಂಡು ಹೋಗಬೇಕು, ಆ ದಿನಾಂಕ ಹಿಡಿದುಕೊಂಡು ಆ ವಾರದ ಸುದ್ದಿ ಓದಬೇಕು. ನಾನು ಹಾಗೇ ಮಾಡುತ್ತೇನೆ.

ಮಾರ್ಟಿನ್ ಹಿಂಟೆರೆಗ್ಗರ್ ವಿಷಯದಲ್ಲಿ ಹಾಗೆ ಮಾಡಿದ್ದು ಚೆನ್ನಾಗಿ ನೆನಪಿದೆ. ಆಸ್ಟ್ರಿಯಾದ ಕ್ಯಾರಿಂಥಿಯಾ ಪ್ರಾಂತ್ಯದ ಜಿರ್ನಿಟ್ಸ್ ಎಂಬ ಊರಿನವನು, ಸಾಲ್ಜ್‌ಬರ್ಗ್‌ನಲ್ಲಿ ಬೆಳೆದ, ಗ್ಲಾಡ್‌ಬಾಕ್‌ಗೆ ಲೋನ್, 2016ರಲ್ಲಿ ಆಗ್ಸ್‌ಬರ್ಗ್, 2019ರ ಜನವರಿಯಲ್ಲಿ ಫ್ರಾಂಕ್‌ಫರ್ಟ್‌ಗೆ ಲೋನ್. ಆ ಲೋನ್ ಯಾಕೆ ಅಂದರೆ, ತನ್ನ ಕೋಚ್ ಬಗ್ಗೆ ಕ್ಯಾಮೆರಾ ಎದುರೇ ಬೇಸರ ತೋರಿಸಿದ್ದ. ಫ್ರಾಂಕ್‌ಫರ್ಟ್‌ನಲ್ಲಿ ಜನ ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಅದೇ ವರ್ಷ ಚೆಲ್ಸಿ ವಿರುದ್ಧ ಯುರೋಪಾ ಲೀಗ್ ಸೆಮಿಫೈನಲ್‌ನ ಪೆನಾಲ್ಟಿ ತಪ್ಪಿಸಿದಾಗಲೂ ಕೈಬಿಡಲಿಲ್ಲ. 2022ರಲ್ಲಿ ಫ್ರಾಂಕ್‌ಫರ್ಟ್ ಆ ಕಪ್ ಗೆದ್ದಿತು, ಸೆಮಿಫೈನಲ್‌ನಲ್ಲಿ ಗಾಯಗೊಂಡಿದ್ದ ಅವನು ಫೈನಲ್ ಆಡಲಿಲ್ಲ. ಅದಾಗಿ ಒಂದು ತಿಂಗಳಿಗೆ ಪಟ್ಟಿಯಲ್ಲಿ ಕರಿಯೆರೆಎಂಡೆ ಅಂತ ಬಂತು. ವಯಸ್ಸು 29. ಒಪ್ಪಂದ ಇನ್ನೂ ಬಾಕಿ ಇತ್ತು. ನಾನು ಮೊದಲು ಎಲ್ಲೋ ತಪ್ಪಾಗಿದೆ ಅಂತಲೇ ಅಂದುಕೊಂಡೆ. ಕೆಲವು ತಿಂಗಳಿಂದಲೇ ಆ ಯೋಚನೆ ಇತ್ತು ಅಂತ ಆಮೇಲೆ ಅವನೇ ಹೇಳಿದ. ಮುಂದೆ ಅವನು ಆಡಿದ್ದು ತನ್ನ ಊರಿನ ಜಿರ್ನಿಟ್ಸ್ ತಂಡಕ್ಕೆ.

ನೀವು ಹೊಸದಾಗಿ ಬಳಸುವುದಾದರೆ ಥಾಮಸ್ ಮುಲ್ಲರ್ ಪುಟದಿಂದ ಶುರು ಮಾಡಬೇಡಿ. 2000ದಲ್ಲಿ ಬಾಲಕನಾಗಿ ಬಯರ್ನ್ ಸೇರಿ 2025ರವರೆಗೆ ಅಲ್ಲೇ ಇದ್ದು 13 ಬುಂಡೆಸ್‌ಲಿಗಾ ಗೆದ್ದವನು, ಅಲ್ಲಿ ಓದಲು ಸಾಲುಗಳೇ ಇಲ್ಲ. ಅದೊಂದು ಅದ್ಭುತ, ಆದರೆ ಅದು ಸಾವಿರಕ್ಕೊಬ್ಬನ ಪುಟ. ಬದಲು ಹೋದ ವಾರ ನೋಡಿದ ಪಂದ್ಯದಲ್ಲಿ ಬೆಂಚಿನ ಮೇಲೆ ಕೂತಿದ್ದ ಒಬ್ಬನ ಹೆಸರು ಹಾಕಿ. ಫೆರೈನ್ಸ್‌ಲೋಸ್ ಅಂತ ಒಂದು ಸಾಲು ಸಿಕ್ಕರೆ ಅಲ್ಲಿ ಸ್ವಲ್ಪ ನಿಲ್ಲಿ, ಕೆಳಗಿನ ದಿನಾಂಕ ಮತ್ತು ಮೇಲಿನ ದಿನಾಂಕದ ನಡುವೆ ಎಷ್ಟು ತಿಂಗಳು ಅಂತ ಎಣಿಸಿ. ಅಷ್ಟು ತಿಂಗಳು ಅವನು ಒಬ್ಬನೇ ಓಡಿ ಮೈ ಬಿಸಿ ಇಟ್ಟುಕೊಂಡು ಫೋನ್ ಬರಲಿ ಅಂತ ಕಾದಿರುತ್ತಾನೆ. ಫೋನಿಗಿಂತ ಕಂಪ್ಯೂಟರ್‌ನಲ್ಲಿ ನೋಡುವುದು ಒಳ್ಳೆಯದು, ಪೂರ್ತಿ ಪಟ್ಟಿ ಒಂದೇ ಸಲ ಕಣ್ಣಿಗೆ ಕಾಣುತ್ತದೆ. ನನ್ನ ಕಡೆಯಿಂದ ವರ್ಗಾವಣೆ ಪಟ್ಟಿಗೆ ಐದಕ್ಕೆ ಐದು, ಗಾಯಗಳ ಪಟ್ಟಿಗೆ ನಾಲ್ಕು, ಬೆಲೆಗೆ ಮೂರು.